ಬೋಡಿಯ ಅಡುಗೆಮನೆ

ಕ್ಯಾಲಿಫೋರ್ನಿಯಾದ ಹೈವೇ 395 ಬಿಟ್ಟು ಪೂರ್ವಕ್ಕೆ 13 ಮೈಲಿ ಹೋದ್ರೆ ಬೋಡಿ ಅನ್ನೋ ಊರು ಸಿಗುತ್ತೆ. ಊರು ಅಂದೆ, ಆದ್ರೆ ಪಾರ್ಕಿನ ಸಿಬ್ಬಂದಿ ಬಿಟ್ರೆ ಅಲ್ಲಿ ಜನ ಇಲ್ಲ. ಕೊನೆಯ 3 ಮೈಲಿ ಮಣ್ಣುರಸ್ತೆ. ಕಾರು ಗಡಗಡ ಅಂತಿದ್ರೆ ನನ್ನಾಕೆ, "ಥೇಟ್ ನಿಮ್ಮೂರ ದಾರಿ ಕಣ್ರೀ" ಅಂದ್ಲು.

1859ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು. 1880ರ ಹೊತ್ತಿಗೆ ಸಾವಿರಾರು ಜನ, ಸಾಲು ಸಾಲು ಸಾರಾಯಿ ಅಂಗಡಿಗಳು. ಆಮೇಲೆ ಅದಿರು ಕಮ್ಮಿಯಾಯ್ತು, ಜನ ಜಾಗ ಖಾಲಿ ಮಾಡಿದ್ರು. 1932ರ ಬೆಂಕಿ ಉಳಿದದ್ದರಲ್ಲಿ ಬಹುಪಾಲನ್ನು ನುಂಗಿತು. 1962ರಿಂದ ಇದು ಸರ್ಕಾರದ ಪಾರ್ಕು. ಇವರ ನಿಯಮ ವಿಚಿತ್ರ: ಮನೆಗಳನ್ನು ಹೊಸದು ಮಾಡೋ ಹಾಗಿಲ್ಲ, ಬೀಳೋಕೂ ಬಿಡೋ ಹಾಗಿಲ್ಲ.

ಹೆಚ್ಚಿನ ಮನೆಗಳನ್ನ ಕಿಟಕಿಯಿಂದ ಇಣುಕಿಯೇ ನೋಡಬೇಕು. ಮಿಲ್ಲರ್ ಅನ್ನೋರ ಮನೆಗೆ ಮಾತ್ರ ಒಳಗೆ ಹೋಗಬಹುದು. ಮರದ ಮನೆ, ಸಣ್ಣ ಸಣ್ಣ ಕೋಣೆಗಳು. ಗೋಡೆಯ ಕಾಗದ ಸುಲಿದು ಜೋತಾಡುತ್ತಿತ್ತು. ಕಬ್ಬಿಣದ ಒಲೆ, ಮಂಚ, ಮೇಜು... ಈಗಷ್ಟೇ ಯಾರೋ ಎದ್ದು ಹಿತ್ತಲಿಗೆ ಹೋದಂತೆ! ಕೆಲವು ಮನೆಗಳ ಹೊರಗೋಡೆಗೆ ಡಬ್ಬಗಳನ್ನ ತಟ್ಟಿ ಚಪ್ಪಟೆ ಮಾಡಿ ಮೊಳೆ ಹೊಡೆದಿದ್ರು. 8,375 ಅಡಿ ಎತ್ತರದ ಚಳಿಗಾಳಿ ತಡೆಯಬೇಕಲ್ಲ. ಸೀಮೆಎಣ್ಣೆ ಡಬ್ಬಕ್ಕೆ ಇನ್ನೊಂದು ಜನ್ಮ ಕೊಡೋದು ನಮ್ಮೋರಿಗಷ್ಟೇ ಗೊತ್ತು ಅಂದ್ಕೊಂಡಿದ್ದೆ.

ಏಳು ವರ್ಷದ ಮಗಳು ಕೇಳಿದ್ಲು: "ಅಪ್ಪ, ಇಷ್ಟೆಲ್ಲಾ ಯಾಕೆ ಬಿಟ್ಟು ಹೋದ್ರು? ವಾಪಸ್ ಬರ್ತೀವಿ ಅಂತಾನಾ?"

ಚಿನ್ನದ ಗಣಿ ಅಂದ್ರೆ ನಮಗೆ ಕೆ.ಜಿ.ಎಫ್. ತಾನೇ ನೆನಪಾಗೋದು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲಿ ಜನ ಉಳಿದರು. ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದರು. ಬೋಡಿಗೂ ರೈಲಿತ್ತು, ಆದ್ರೆ ಅದು ಬರೀ ಮರ, ಸೌದೆ ತರೋಕೆ. ಹೊರಗಿನ ಯಾವ ಮಾರ್ಗಕ್ಕೂ ಅದು ಸೇರಲೇ ಇಲ್ಲ. ಸಾಮಾನಿನ ಬೆಲೆಗಿಂತ ಸಾಗಿಸೋ ಖರ್ಚೇ ಜಾಸ್ತಿ ಆದ್ರೆ ಯಾರು ತಾನೇ ಹೊತ್ಕೊಂಡು ಹೋಗ್ತಾರೆ? ಮಗಳಿಗೆ ಇಷ್ಟನ್ನೇ ಹೇಳಿದೆ.

ಹೇಳ್ತಾ ಹೇಳ್ತಾ ನನ್ನ ತಲೆಯಲ್ಲಿ ಇದ್ದದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆ. ಅಮ್ಮ ಬೆಂಗಳೂರಿಗೆ ಅಣ್ಣನ ಹತ್ರ ಬಂದ ಮೇಲೆ ಅದಕ್ಕೆ ಬೀಗ. ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡೋರಿಲ್ಲ. ಹೋದ ತಿಂಗಳು ಅಣ್ಣ ಫೋನ್ ಮಾಡಿದ್ದ: "ಒರಳುಕಲ್ಲು, ತಾಮ್ರದ ಹಂಡೆ, ಅಪ್ಪನ ಮಂಚ ಎಲ್ಲಾ ಹಾಗೇ ಬಿದ್ದಿವೆ. ಗುಜರಿಗೆ ಹಾಕ್ಲಾ? ನಿಂಗೇನಾದ್ರೂ ಬೇಕಾ?" ಯೋಚನೆ ಮಾಡಿ ಹೇಳ್ತೀನಿ ಅಂದಿದ್ದೆ. ನಾನು ಬಂದಿದ್ದು ಎರಡು ಸೂಟ್‌ಕೇಸಿನಲ್ಲಿ, ಹಂಡೆ ಎಲ್ಲಿಡಲಿ?

ಬೋಡಿಯಲ್ಲಿ ಸರ್ಕಾರ ಕಾವಲಿದ್ದು, ದುಡ್ಡು ಸುರಿದು ಆ ಒಲೆ ಉಳಿಸಿದೆ. ಆದ್ರೆ ಅದರಲ್ಲಿ ಬೆಂಕಿ ಇಲ್ಲ. ನಮ್ಮ ಮನೆಯನ್ನ ಹಾಗೆ ಕಾಯೋರೂ ಇಲ್ಲ. ಬೀಗ ಹಾಕಿದ ಮನೆ ನೆನಪನ್ನ ಕಾಯುತ್ತೆ ಅಂತ ನಾವು ದೂರದಲ್ಲಿರೋರು ಸಮಾಧಾನ ಮಾಡ್ಕೋತೀವಿ. ನಿಜವಾಗಿ ಅಲ್ಲಿ ಕೆಲಸ ಮಾಡ್ತಿರೋದು ಗೆದ್ದಲು.

ಮನೆಗೆ ಬಂದ ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿದೆ. ಗುಜರಿ ಬೇಡ, ಹಂಡೆಯನ್ನ ಪಕ್ಕದ ಮನೆಯೋರಿಗೆ ಕೊಟ್ಟುಬಿಡು, ಅವರ ಬಚ್ಚಲಲ್ಲಿ ಇನ್ನೂ ಸೌದೆ ಒಲೆ ಇದೆಯಲ್ಲ ಅಂದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ್ನ ಒಂದು ಮಾತು ಕೇಳು" ಅಂದು ಫೋನ್ ಅವಳ ಕೈಗೆ ಕೊಟ್ಟ.

ಅಮ್ಮ ಕೇಳಿದ್ದು ಒಂದೇ: "ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿ ಕೊಡೋಕೆ ಹೇಳಿದ್ಯಾ?"