ಹಿಂದಿನ ದೀಪ

ಮನೆಯ ಹಿರಿಯರಂತೆ ಮನೆಯ ಹಳೆಯ ವಾಹನವೂ ವಯಸ್ಸಾದ ಮೇಲೆ ಮೊದಲು ದೃಷ್ಟಿಯ ತೊಂದರೆಯನ್ನೇ ಹೇಳಿಕೊಳ್ಳತೊಡಗುತ್ತದೆ. ಲಿಂಗೈಕ್ಯ ತಂದೆಯವರು 1991ರಲ್ಲಿ ಕೊಂಡ ಅಂಬಾಸಿಡರ್ ಕಾರು ಇಂದಿಗೂ ನಮ್ಮ ಅಂಗಳದಲ್ಲಿದೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಆ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ನಾವಾದರೋ ಹದಿನೈದು ವರ್ಷ ತುಂಬಿದ ನಂತರ ಐದೈದು ವರ್ಷಗಳಿಗೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳುತ್ತ ಅದನ್ನು ಉಳಿಸಿಕೊಂಡು ಬಂದಿದ್ದೇವೆ. ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ದದ್ದು, ಮಗಳನ್ನು ಗಂಡನ ಮನೆಗೆ ಕಳುಹಿಸಿದ್ದು ಅದರಲ್ಲಿಯೇ. ಎಂಜಿನ್ನು ಇನ್ನೂ ಗಟ್ಟಿಯಾಗಿದೆ. ದೀಪಗಳು ಮಾತ್ರ ಬಹುಕಾಲ ನಮ್ಮನ್ನು ಕಾಡಿದವು.

ಎಡಗಡೆಯ ಹೆಡ್‌ಲೈಟು ಮೊದಲು ಮಂಕಾಯಿತು. ಬಲ್ಬು ಬದಲಿಸಿದೆವು, ನಾಲ್ಕು ದಿನ ಬೆಳಗಿ ಮತ್ತೆ ಮಂಕಾಯಿತು. ಫ್ಯೂಜು ಹಾಕಿಸಿದೆವು, ಬ್ಯಾಟರಿ ಹೊಸದು ತಂದೆವು. ಒಬ್ಬ ಅಂಗಡಿಯವರು, ಅರವತ್ತು ವ್ಯಾಟಿನ ಬಲ್ಬಿನ ಬದಲಿಗೆ ನೂರು ವ್ಯಾಟಿನದನ್ನು ಹಾಕಿದರೆ ಹಗಲಿನಂತೆ ಬೆಳಕಾಗುವುದೆಂದರು. ಹಾಗೆ ಮಾಡಿದ ತಿಂಗಳೊಳಗೆ ಸ್ವಿಚ್ಚಿನ ಬಳಿ ಸುಟ್ಟ ವಾಸನೆ ಬಂತು. ಅರವತ್ತು ವ್ಯಾಟಿನ ಎರಡು ಬಲ್ಬುಗಳು ಹನ್ನೆರಡು ವೋಲ್ಟಿನಲ್ಲಿ ಹತ್ತು ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತವೆ. ನೂರರದಾದರೆ ಹದಿನೇಳರ ಸಮೀಪ. ಆ ಹಳೆಯ ವೈರುಗಳಿಗೆ ಅಷ್ಟು ಭಾರ ಹೊರುವ ಶಕ್ತಿ ಎಲ್ಲಿಂದ ಬರಬೇಕು? ಆ ಬಲ್ಬುಗಳನ್ನು ತೆಗೆಸಿ, ಮಂದ ಬೆಳಕಿಗೆ ಒಗ್ಗಿಕೊಂಡು ನಡೆದೆವು.

2023ರ ಜನವರಿಯಲ್ಲಿ ಸಕುಟುಂಬರಾಗಿ ಕೂಡಲಸಂಗಮದಲ್ಲಿ ಐಕ್ಯಮಂಟಪದ ದರ್ಶನ ಮುಗಿಸಿ ಮರಳುತ್ತಿದ್ದೆವು. ಬಾಗಲಕೋಟೆ ದಾಟುವಷ್ಟರಲ್ಲಿ ಕತ್ತಲಾಯಿತು. ಅದು ಕಬ್ಬಿನ ಹಂಗಾಮು. ಲೋಕಾಪುರದ ಹಾದಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಹಲವಕ್ಕೆ ಹಿಂದೆ ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇರಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗನಿಗೆ ನಾವು ಉಪದೇಶವನ್ನೇ ಆರಂಭಿಸಿದೆವು: ದೀಪವಿಲ್ಲದೆ ರಸ್ತೆಗಿಳಿಯುವುದು ಅನ್ಯರ ಪ್ರಾಣದೊಡನೆ ಆಡುವ ಆಟ, ಅದು ಅಧರ್ಮ ಎಂದು. ಆ ಮಾತು ಮುಗಿದಿರಲಿಲ್ಲ. ಒಂದು ಟ್ರ್ಯಾಕ್ಟರಿನ ಹಿಂದೆ ವೇಗವನ್ನು ತಗ್ಗಿಸಿದೆವು. ಹಿಂದಿನಿಂದ ಟೈರು ಕಿರುಗುಟ್ಟಿದ ಸದ್ದು ಕೇಳಿಸಿತು. ಒಂದು ಮೋಟಾರ್ ಸೈಕಲ್ಲು ನಮ್ಮ ಕಾರನ್ನು ಗೇಣಿನಷ್ಟು ಅಂತರದಲ್ಲಿ ತಪ್ಪಿಸಿಕೊಂಡು ರಸ್ತೆಯ ಪಕ್ಕದ ಮಣ್ಣಿಗೆ ಇಳಿದು ನಿಂತಿತು. ಟ್ಯಾಂಕಿನ ಮೇಲೆ ನಾಲ್ಕೈದು ವರ್ಷದ ಹೆಣ್ಣುಮಗು ಕುಳಿತಿತ್ತು.

ನಾವು ಇಳಿದು ಧಾವಿಸಿದೆವು. ಆ ತರುಣ ಬಯ್ಯಲಿಲ್ಲ. ನಡುಗುವ ದನಿಯಲ್ಲಿ, “ಅಜ್ಜಾರ, ನಿಮ್ಮ ಗಾಡಿಗೆ ಹಿಂದ ಒಂದೂ ದೀಪ ಇಲ್ರೀ. ನನ್ನ ಕೂಸು ಮುಂದ ಕುಂತೈತ್ರೀ” ಎಂದಷ್ಟೇ ಅಂದ. ಮೊಮ್ಮಗ ಕಾರಿನ ಹಿಂದೆ ಹೋಗಿ ನೋಡಿ ನಮ್ಮ ಮುಖವನ್ನು ನೋಡಿದ. ಅವನಿಗೆ ಹೇಳಲು ನಮ್ಮಲ್ಲಿ ಮಾತು ಉಳಿದಿರಲಿಲ್ಲ.

ಮರುದಿನ ಊರಿನ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆವು. ಅವನು ಬಲ್ಬುಗಳನ್ನು ಮುಟ್ಟಲೇ ಇಲ್ಲ. ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪ ಸಣ್ಣಗೆ ಮಿಣುಕುವುದನ್ನು ತೋರಿಸಿ, “ಬಲ್ಬಿಂದು ತಪ್ಪಿಲ್ರೀ ಅಜ್ಜಾರ. ಕರೆಂಟ್ ಬರ್ತೈತಿ, ತಿರುಗಿ ಹೋಗಾಕ ಹಾದಿ ಇಲ್ರೀ” ಎಂದ. ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಯಿಂದ ವೈರಿನ ಮೂಲಕ ದೀಪಕ್ಕೆ ಬರುತ್ತದೆ. ಆದರೆ ವಾಹನದ ಲೋಹದ ಮೈಯ ಮೂಲಕವೇ ಬ್ಯಾಟರಿಗೆ ಹಿಂದಿರುಗುತ್ತದೆ. ಮೈಗೆ ಬಿಗಿದ ಆ ಜೋಡಣೆಗೆ ಅವರು ಅರ್ತ್ ಎನ್ನುತ್ತಾರೆ. ಅಲ್ಲಿ ತುಕ್ಕು ಹಿಡಿದರೆ ದೀಪ ಮಂಕಾಗುತ್ತದೆ, ಕೊನೆಗೆ ಆರುತ್ತದೆ. ವೋಲ್ಟೇಜು ಹತ್ತರಲ್ಲಿ ಒಂದು ಪಾಲು ತಗ್ಗಿದರೆ ಸಾಕು, ಹೆಡ್‌ಲೈಟಿನ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಇಳಿದುಬಿಡುತ್ತದೆ. ಅವನು ಮುಂದಿನ ಮತ್ತು ಹಿಂದಿನ ಅರ್ತ್ ಜೋಡಣೆಗಳನ್ನು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ವೈರು ಕೂಡಿಸಿ, ನೀರು ತಾಗದಂತೆ ಗ್ರೀಸು ಹಚ್ಚಿದ. ಹೆಡ್‌ಲೈಟುಗಳಿಗೆ ರಿಲೇ ಕೂಡಿಸಿದ. ಅದರಿಂದ ಭಾರವೆಲ್ಲ ಸ್ವಿಚ್ಚಿನ ಮೇಲೆ ಬೀಳುವುದು ತಪ್ಪಿತು. ಸಂಜೆ ದೀಪ ಹಾಕಿದಾಗ ಅಂಗಳದಾಚೆಯ ಬೇವಿನ ಮರ ಬೆಳಗಿತು. ಹಿಂದೆ ಎರಡು ಕೆಂಪು ದೀಪಗಳು ಸ್ಥಿರವಾಗಿ ಉರಿದವು. ತಪ್ಪು ಕಾರಿನದಲ್ಲ, ಇಷ್ಟು ವರ್ಷ ಅಲ್ಲಿ ಕೈಯಾಡಿಸದ ನಮ್ಮದು.

ಮಠದ ಪಾಠಶಾಲೆಯಲ್ಲಿದ್ದಾಗ ಕಂದೀಲುಗಳ ಗಾಜು ಒರೆಸುವ ಸರದಿ ನಮಗೂ ಬರುತ್ತಿತ್ತು. ಓದುವ ಕೋಣೆಯ ಕಂದೀಲನ್ನು ನಾವು ಶ್ರದ್ಧೆಯಿಂದ ಒರೆಸುತ್ತಿದ್ದೆವು. ಹೆಬ್ಬಾಗಿಲಿನದನ್ನು ಹಾಗೆಯೇ ತೂಗುಹಾಕುತ್ತಿದ್ದೆವು. ಒಮ್ಮೆ ಗುರುಗಳು ಅದನ್ನು ಕಂಡು, ಒಳಗಿನ ದೀಪ ನಿನಗೆ, ಬಾಗಿಲ ದೀಪ ಬರುವವರಿಗೆ. ಯಾವುದು ದಾಸೋಹ ಎಂದು ಕೇಳಿದ್ದರು. ಅಂದು ಉತ್ತರ ಹೇಳಿದ್ದೆವು. ಅರ್ಥವಾದದ್ದು ಮಾತ್ರ ಲೋಕಾಪುರದ ಹಾದಿಯಲ್ಲಿ. ಮುಂದಿನ ದೀಪ ಮಂಕಾದರೆ ನಮಗೆ ತೊಂದರೆ. ಆದ್ದರಿಂದ ಅದಕ್ಕಾಗಿ ಹಣ ಸುರಿದೆವು. ಹಿಂದಿನ ದೀಪದಿಂದ ಚಾಲಕನಿಗೆ ಎಳ್ಳಷ್ಟೂ ಬೆಳಕಿಲ್ಲ. ಅದು ಪೂರ್ಣವಾಗಿ ಹಿಂದೆ ಬರುವವರದು. ಅದು ಆರಿದ್ದನ್ನು ತಾನಾಗಿ ಕಾಣಲು ಚಾಲಕನಿಗೆ ಕಣ್ಣೂ ಇಲ್ಲ, ಇನ್ನೊಬ್ಬರು ಹೇಳಬೇಕು.

ಈಗ ನಮ್ಮ ಮನೆಯಲ್ಲಿ ಒಂದು ರೂಢಿಯಾಗಿದೆ. ದೂರ ಪ್ರಯಾಣಕ್ಕೆ ಹೊರಡುವ ಮುನ್ನ ನಾವು ಒಳಗೆ ಕುಳಿತು ದೀಪ ಹಾಕುತ್ತೇವೆ, ಬ್ರೇಕು ಒತ್ತುತ್ತೇವೆ, ಎಡಬಲದ ಇಂಡಿಕೇಟರುಗಳನ್ನು ಹಾಕುತ್ತೇವೆ. ಮೊಮ್ಮಗ ಹಿಂದೆ ನಿಂತು, “ಹತ್ತೈತಿ, ಅಜ್ಜಾ” ಎಂದು ಕೂಗಬೇಕು. ಅವನು ಕೂಗುವವರೆಗೆ ಕಾರು ಅಂಗಳ ಬಿಡುವುದಿಲ್ಲ. ಎರಡು ನಿಮಿಷದ ಕೆಲಸ. ಶರಣಬಂಧುಗಳೇ, ಹಳೆಯ ವಾಹನವಿರುವ ಪ್ರತಿ ಮನೆಯಲ್ಲಿಯೂ ಇಷ್ಟಾದರೂ ನಡೆಯಲಿ. ಆ ತರುಣನ ಹೆಸರನ್ನು ನಾವು ಕೇಳಿಕೊಳ್ಳಲಿಲ್ಲ. ಅವನಿಗೂ ಆ ಮಗುವಿಗೂ ಇಲ್ಲಿಂದಲೇ ಶರಣು ಶರಣಾರ್ಥಿ.