ತರಗೆಲೆಯ ಚಹಾ

ಮಿರುಗದ, ಅಂದರೆ ಮೃಗಶಿರಾದ, ಮೊದಲ ಮಳೆ ಬಿದ್ದ ಮರುದಿನ ನಾನು ನಮ್ಮೂರು ಮೆಹಕರದಲ್ಲಿ ಸಿಗುವುದಿಲ್ಲ. ನಸುಕಿನಲ್ಲೇ ಹೊರಟು ಬೀದರ ಹತ್ತಿರದ ಹೊನ್ನಿಕೇರಿ ಕಾಡಿನ ಅಂಚಿಗೆ ಹೋಗಿರುತ್ತೇನೆ. ಬೇಸಿಗೆಯಿಡೀ ಉದುರಿದ ತೇಗ, ಮುತ್ತುಗ, ಜಾಲಿ ತರಗು ಮೊದಲ ಸಲ ನೆನೆದಾಗ ಬಿಡುವ ಬಣ್ಣವನ್ನು ನೋಡಿಯೇ ತಿಳಿಯಬೇಕು. ಬಂಡೆಯ ಕುಳಿಗಳಲ್ಲಿ ಅದು ಹಾಲು ಹಾಕದ ಚಹಾದಂತೆ ನಿಂತಿರುತ್ತದೆ. ಒಂದೆರಡು ಬಾಟಲಿ ತುಂಬಿಕೊಂಡು ಬರುತ್ತೇನೆ.

"ಎಲಿ ಚಾ ಮಾಡ್ಲತ್ತೀ ಏನೋ ತಮ್ಮಾ?" ಎಂದು ಆಯಿ ಪ್ರತಿ ವರ್ಷ ಕೇಳುತ್ತಾಳೆ. ಹೌದು, ಚಹಾವೇ. ಸಕ್ಕರೆ, ಒಗರು, ಹುಳಿ ಎಲ್ಲ ಕರಗಿದೆ. ಒಂದು ಮೈಕ್ರಾನಿನ ಅರ್ಧಕ್ಕಿಂತ ಸಣ್ಣ ರಂಧ್ರದ ಸೋಸುಕಾಗದದಲ್ಲೂ ದಾಟಿ ಹೋಗುವುದನ್ನು ವಿಜ್ಞಾನಿಗಳು ಕರಗಿದ ಸಾವಯವ ವಸ್ತು ಎನ್ನುತ್ತಾರೆ.

ತಳ ಕತ್ತರಿಸಿದ ಎರಡು ಬಾಟಲಿಗಳನ್ನು ಬೋರಲು ಕಟ್ಟುತ್ತೇನೆ. ಬಾಯಿಗೆ ಬಟ್ಟೆ, ಮೇಲೆ ತೊಳೆದ ಉಸುಕು. ಒಂದರಲ್ಲಿ ಬೀದರದ ರಸ್ತೆ ಬದಿಯ ಕೆಂಪು ಮಣ್ಣು, ಇನ್ನೊಂದರಲ್ಲಿ ನಮ್ಮ ಹೊಲದ ಎರೆ. ಮೊದಲು ಬರೀ ನೀರು ಹಾಕಿ ಕೆಸರು ಹೋಗುವವರೆಗೆ ಕಾಯಬೇಕು; ಇಲ್ಲಿ ಅವಸರ ನಡೆಯುವುದಿಲ್ಲ. ಆಮೇಲೆ ಎಲೆ ನೀರು. ಮೇಲೆ ಕಂದು ಹೊಯ್ದರೆ ಕೆಂಪು ಮಣ್ಣಿನ ಕೆಳಗೆ ಹನಿಯುವುದು ತಿಳಿ. ಹೊಯ್ಯುವ ಮುಂಚಿನ ನೀರಿಗೆ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ಕಬ್ಬಿಣ, ಎಲೆಯ ಒಗರಾದ ಟ್ಯಾನಿನ್ ಕೂಡಿ ಶಾಯಿಯಂತೆ ಕಪ್ಪಾಗುತ್ತದೆ. ಇಳಿದು ಬಂದ ನೀರಿನಲ್ಲಿ ಅಂಥದೇ ಮೊಳೆ ಹಾಗೇ ಬಿದ್ದಿರುತ್ತದೆ. ಈ ಎರಡು ಬಟ್ಟಲು ಅಕ್ಕಪಕ್ಕ ಇಟ್ಟುಕೊಂಡು ನಾನು ಎಷ್ಟು ಸಂಜೆಗಳನ್ನು ಕಳೆದಿದ್ದೇನೋ!

ಒಗರನ್ನು ಹಿಡಿದದ್ದು ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು. ಸಕ್ಕರೆಯಂಥ ಹಗುರ ಅಂಶ ಸೂಕ್ಷ್ಮಜೀವಿಗಳ ಪಾಲು. ಕಾಡಿನ ತರಗಿನ ಕೆಳಗೆ ಲೀಟರಿಗೆ ಹತ್ತಾರು ಮಿಲಿಗ್ರಾಂ ಇರುವ ಕರಗಿದ ಸಾವಯವ ಇಂಗಾಲ ಆಳಕ್ಕೆ ಹೋದಂತೆ ಕೆಲವೇ ಮಿಲಿಗ್ರಾಮಿಗೆ ಇಳಿಯುತ್ತದೆ. ಆದರೆ ಇದು ಬರೀ ಸೋಸುವ ಕೆಲಸವಲ್ಲ. ಕ್ಲೌಸ್ ಕೈಸರ್, ಕಾರ್ಸ್ಟನ್ ಕಾಲ್ಬಿಟ್ಜ್ ಎಂಬ ಮಣ್ಣು ವಿಜ್ಞಾನಿಗಳು 2012ರಲ್ಲಿ ಬರೆದದ್ದು ನನ್ನ ಮನಸ್ಸಿಗೆ ಹಿಡಿಸಿತು: ಮಣ್ಣು ಹಿಡಿಯುತ್ತದೆ, ಜೀವಿಗಳು ತಿಂದು ಬದಲಿಸುತ್ತವೆ, ಹೊಸ ನೀರು ಬಂದು ಹಳೆಯದನ್ನು ಬಿಡಿಸಿ ಕೆಳಗಿನ ಮೆಟ್ಟಿಲಿಗೆ ಇಳಿಸುತ್ತದೆ. ಹೀಗಾಗಿ ಆಳದ ನೀರಿನಲ್ಲಿ ಉಳಿದಿರುವುದು ಎಲೆಯ ರಸಕ್ಕಿಂತ ಹೆಚ್ಚಾಗಿ ಸೂಕ್ಷ್ಮಜೀವಿಗಳ ಉಳಿಕೆ. ಸತತ ಹೊಯ್ಯುತ್ತ ಹೋದರೆ ನನ್ನ ಬಾಟಲಿಯ ಮಣ್ಣೂ ದಣಿಯುತ್ತದೆ, ನೀರಿಗೆ ಮತ್ತೆ ಬಣ್ಣ ಏರುತ್ತದೆ.

ಎರೆಯ ಸ್ವಭಾವ ಬೇರೆ. ನೀರು ಕುಡಿದು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಇಡೀ ರಾತ್ರಿಗೆ ನಾಲ್ಕು ಹನಿ. ಹೊಲದಲ್ಲಾದರೆ ಬೇಸಿಗೆಯ ಬಿರುಕುಗಳಿವೆ, ಮೊದಲ ಮಳೆಯ ಕಂದು ನೀರು ಯಾರ ಕೈಗೂ ಸಿಗದೆ ನೇರ ಆಳಕ್ಕೆ ಇಳಿದುಬಿಡುತ್ತದೆ. ಎರೆ ಕಪ್ಪಗಿದೆ ಎಂದು ಅದರಲ್ಲಿ ಸಾವಯವ ಅಂಶ ಬೇಕಾದಷ್ಟಿದೆ ಎಂದುಕೊಳ್ಳುವುದು ತಪ್ಪು.

ಬೀದರದಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಕರಿಗಲ್ಲು. ಮೇಲಿಂದ ಇಂಗಿದ ನೀರು ಕರಿಗಲ್ಲಿಗೆ ತಡೆದು ಅಡ್ಡ ಹರಿಯುತ್ತದೆ. ಬಹಮನಿ ಕಾಲದವರು ಇದನ್ನು ಅರಿತೇ ನೌಬಾದಿನಲ್ಲಿ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗ ತೋಡಿದರು. ಗುರುನಾನಕ ಝೀರಾ ಗುರುದ್ವಾರದಲ್ಲಿ ಕೆಂಪು ಕಲ್ಲಿನ ಬುಡದಿಂದ ಬರುವ ತಿಳಿನೀರನ್ನು ಬೊಗಸೆಯಲ್ಲಿ ಹಿಡಿದಾಗಲೆಲ್ಲ ನನಗೆ ಆ ಕಂದು ಕುಳಿಗಳೇ ನೆನಪಾಗುತ್ತವೆ.

ಬದುವಿನ ಬೇವು, ಜಾಲಿಯ ಕೆಳಗಿನ ತರಗನ್ನು ಗುಡಿಸಿ ಸುಡುವವರಲ್ಲಿ ನನ್ನದೊಂದು ಬೇಡಿಕೆ: ಈ ವರ್ಷ ಒಂದು ಮರದ ಬುಡವನ್ನಾದರೂ ಹಾಗೇ ಬಿಡಿ. ಮಿರುಗ ಬಿದ್ದ ದಿನ ಆ ತರಗಿನ ಕೆಳಗೆ ಒಂದು ಬಿಳಿ ಬಟ್ಟಲು ಇಟ್ಟು ನೋಡಿ.