ಫೀಸು ಕಟ್ಟುವ ತಿಂಗಳು

2022ರ ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ತಿಪಟೂರಿನಿಂದ ತಂಗಿ ಫೋನ್ ಮಾಡಿದಳು. "ಅಣ್ಣಾ, ಹಳೇ ಬಾಕಿ ಕಟ್ಟದೆ ಪುಸ್ತಕ ಕೊಡಲ್ಲ ಅಂತಿದಾರೆ. ಸೋಮವಾರ ತುಮಕೂರಲ್ಲಿ ವಾಯಿದೆ ಇದೆ, ನೀನೂ ಬಾ."

ಅವಳ ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮೊದಮೊದಲು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದವನು ಕೊನೆಗೆ ಬರುವುದನ್ನೇ ನಿಲ್ಲಿಸಿದ. ಜೀವನಾಂಶಕ್ಕೆ ಅರ್ಜಿ ಬಿತ್ತು. ಮಧ್ಯಂತರ ಆದೇಶದಂತೆ ತಿಂಗಳಿಗೆ ಎಂಟು ಸಾವಿರ ಹಾಕುತ್ತಿದ್ದ, ಅದೂ ಕೆಲವು ತಿಂಗಳು. ಮಗಳ ಶಾಲೆಯ ಫೀಸು ವರ್ಷಕ್ಕೆ ನಲವತ್ತೆರಡು ಸಾವಿರ. ಮೆಡಿಕಲ್ ಅಂಗಡಿಯಲ್ಲಿ ದುಡಿಯುವ ತಂಗಿಯ ಸಂಬಳ ಬಾಡಿಗೆಗೆ, ರೇಷನ್ನಿಗೆ ಸರಿಹೋಗುತ್ತಿತ್ತು.

ಅವತ್ತು ನ್ಯಾಯಾಲಯದಲ್ಲಿ ಅವನ ವಕೀಲರು ಹೇಳಿದ್ದು ಇಷ್ಟೇ: "ಜೀವನಾಂಶ ಕೊಡ್ತಿದ್ದೇವೆ, ಫೀಸೂ ಅದರಲ್ಲೇ ಸೇರಿದೆ. ಆಗದಿದ್ರೆ ಸರ್ಕಾರಿ ಶಾಲೆಗೆ ಸೇರಿಸಲಿ. ನಮ್ಮ ಕಕ್ಷಿದಾರರೂ ಅಲ್ಲೇ ಓದಿದ್ದು."

ನಾನೂ ಓದಿದ್ದು ಸರ್ಕಾರಿ ಶಾಲೆಯಲ್ಲೇ. ಅಲ್ಲಿನ ಮೇಷ್ಟ್ರುಗಳ ಋಣ ನನ್ನ ಮೇಲಿದೆ, ಆ ಶಾಲೆಗಳನ್ನು ಕೀಳಾಗಿ ನೋಡುವವನಲ್ಲ. ಆದರೆ ಮನೆಯಲ್ಲಿ ಅಪ್ಪ ಇಲ್ಲವಾದ ಮೇಲೆ ಆ ಮಗುವಿಗೆ ಮೊದಲಿನ ಹಾಗೇ ಉಳಿದಿದ್ದು ಶಾಲೆಯೊಂದೇ. ಅದೇ ಬೆಂಚು, ಪಕ್ಕದಲ್ಲಿ ಅದೇ ಗೆಳತಿ, ಕೂಗಿ ಕರೆಯುವ ಅದೇ ಕನ್ನಡ ಮಿಸ್. ದೊಡ್ಡವರ ಜಗಳಕ್ಕೆ ಅದನ್ನೂ ಕಿತ್ತುಕೊಳ್ಳುವುದು ಯಾವ ನ್ಯಾಯ? ಒಳಗೇ ಕುದಿಯುತ್ತಿದ್ದೆ. ಆದರೆ ಅಲ್ಲಿ ಬಾಯಿ ಬಿಡುವ ಹಕ್ಕು ನನಗಿರಲಿಲ್ಲ.

ನಮ್ಮ ವಕೀಲರು ಹರೆಯದ ಹೆಣ್ಣುಮಗಳು. ಎದ್ದು ನಿಂತು ಎರಡೇ ಕಾಗದ ಮುಂದಿಟ್ಟರು. ಒಂದು, ಎಲ್‌ಕೆಜಿ ಸೇರಿಸುವಾಗಿನ ಅರ್ಜಿ. 'ತಂದೆಯ ಸಹಿ' ಅನ್ನುವ ಕಡೆ ಅವನದೇ ಸಹಿ ಇತ್ತು. ಇನ್ನೊಂದು, ಆ ವರ್ಷ ಅವನೇ ಕಟ್ಟಿದ ಡೊನೇಷನ್ ರಸೀತಿ. ಸೀರೆ ಪೆಟ್ಟಿಗೆಯ ತಳದಲ್ಲಿ ತಂಗಿ ಜೋಪಾನ ಮಾಡಿಟ್ಟಿದ್ದಳು. ಆಮೇಲೆ 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಜನೀಶ್–ನೇಹಾ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಓದಿ ಹೇಳಿದರು: ಮಕ್ಕಳ ಓದಿನ ಖರ್ಚನ್ನು ಸಾಮಾನ್ಯವಾಗಿ ತಂದೆಯೇ ಹೊರಬೇಕು, ತಾಯಿಗೆ ಸಾಕಷ್ಟು ಸಂಪಾದನೆಯಿದ್ದರೆ ಇಬ್ಬರೂ ಆದಾಯಕ್ಕೆ ತಕ್ಕಂತೆ ಹಂಚಿಕೊಳ್ಳಬಹುದು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಅಫಿಡವಿಟ್ಟಿನಲ್ಲಿ ಕೊಡಬೇಕೆಂದೂ ಅದೇ ತೀರ್ಪು ಹೇಳುತ್ತದೆ. ಅವನ ಅಫಿಡವಿಟ್ಟಿನಲ್ಲಿ ಹೊಸ ಕಾರಿನ ಕಂತು ತಿಂಗಳಿಗೆ ಹನ್ನೊಂದು ಸಾವಿರ ಅಂತ ಬರೆದಿತ್ತು.

ನ್ಯಾಯಾಧೀಶರು ಕಾಗದದಿಂದ ತಲೆಯೆತ್ತಿ ಅವನನ್ನೇ ಕೇಳಿದರು. "ಈ ಶಾಲೆಗೆ ಸೇರಿಸಿದ್ದು ಯಾರಪ್ಪಾ?"

"ನಾನೇ ಸ್ವಾಮಿ."

"ಮತ್ತೆ ಈಗ ಬಿಡಿಸೋದು ಯಾಕೆ? ಮಗು ಏನು ತಪ್ಪು ಮಾಡಿದೆ?"

ಅವನು ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ತಂಗಿ ಅಳುತ್ತಿರಲಿಲ್ಲ, ನೆಟ್ಟಗೆ ನಿಂತಿದ್ದಳು. ಅವಳನ್ನು ನೋಡಿ ನನಗೆ ಹೆಮ್ಮೆಯಾಯಿತು.

ಆದೇಶ ಬಂದಿದ್ದು ಮುಂದಿನ ವಾಯಿದೆಗೆ. ತಿಂಗಳ ಜೀವನಾಂಶ ಬೇರೆ, ಫೀಸು ಬೇರೆ. ಫೀಸನ್ನು ತಂದೆ ಎರಡು ಕಂತಿನಲ್ಲಿ ನೇರವಾಗಿ ಶಾಲೆಗೇ ಕಟ್ಟಿ ರಸೀತಿ ಹಾಜರುಪಡಿಸಬೇಕು. ಯೂನಿಫಾರಂ, ವ್ಯಾನಿನ ದುಡ್ಡು ತಾಯಿಯ ಪಾಲಿಗೆ. ತಂಗಿಗೆ ಇದು ಹೊರೆಯಲ್ಲವೇ ಅಂತ ಆಮೇಲೆ ಕೇಳಿದೆ. "ನನ್ನ ಮಗಳಲ್ವಾ ಅಣ್ಣಾ, ನಂದೂ ಇರ್ಲಿ" ಅಂದಳು. ಫೀಸಿನ ದುಡ್ಡು ತಾಯಿಗೆ ಮಾಡುವ ಉಪಕಾರ ಅಂತ ತಿಳಿದ ಗಂಡಸರು ನಮ್ಮ ಬಳಗದಲ್ಲೇ ಇದ್ದಾರೆ. ಹೆಂಡತಿ ಮೇಲಿನ ಸಿಟ್ಟನ್ನು ಮಗುವಿನ ಫೀಸಿನಲ್ಲಿ ತೀರಿಸಿಕೊಳ್ಳುತ್ತಾರೆ. ಇದನ್ನು ನೆಂಟರ ಮದುವೆಮನೆಗಳಲ್ಲಿ ಎದುರಿಗೇ ಹೇಳಿ ನಿಷ್ಠುರ ಕಟ್ಟಿಕೊಂಡಿದ್ದೇನೆ. ಮುಂದೆಯೂ ಹೇಳುವವನೇ.

ಮೊದಲ ಕಂತು ಜುಲೈನಲ್ಲಿ ಬಂತು. ಮಾರನೇ ವರ್ಷ ಅವನು ಮತ್ತೆ ಕೈಯೆತ್ತಿದ. ವಕೀಲರು ಬಾಕಿ ವಸೂಲಿಗೆ ಅರ್ಜಿ ಹಾಕಿದರು. ಸಕಾರಣವಿಲ್ಲದೆ ಬಾಕಿ ಉಳಿಸಿಕೊಂಡರೆ ವಾರಂಟು ಹೊರಡಿಸಬಹುದು, ಆಮೇಲೂ ಕಟ್ಟದಿದ್ದರೆ ಜೈಲಿಗೂ ಕಳಿಸಬಹುದು. ನೋಟಿಸು ಕೈ ಸೇರಿದ ವಾರದಲ್ಲೇ ಶಾಲೆಗೆ ದುಡ್ಡು ಜಮೆಯಾಯಿತು.

ಸೊಸೆ ಈಗ ಏಳನೇ ಕ್ಲಾಸು, ಅದೇ ಶಾಲೆ. ಈ ವರ್ಷದ ಮೊದಲ ಕಂತಿನ ರಸೀತಿ ಫೈಲು ಸೇರಿದೆ. ಎರಡನೆಯದಕ್ಕೆ ದಸರಾ ರಜೆಯವರೆಗೆ ಗಡುವಿದೆ.